ಡ್ಯೂಟಿ ರೂಮ್: ಸರ್ಕಾರಿ ಆಸ್ಪತ್ರೆ ನರ್ಸ್‌ಗಳ ಪ್ರಶ್ನೆ, ಸಿಸ್ಟರಮ್ಮನ ಉತ್ತರ

ಹೋದ ಸಂಚಿಕೇಲಿ "ಕೆಲಸದಲ್ಲಿ ಖುಷಿಯಾಗಿದ್ದೀರಾ?" ಅಂತ ಒಂದೇ ಒಂದು ಸಾಲು ಕೇಳಿದ್ದೆ ಅಷ್ಟೇ, ಪತ್ರ, ಮೇಲು, ವಾಟ್ಸಾಪ್ ವಾಯ್ಸ್ ಮೆಸೇಜು ಅಂತ ರಾಶಿ ಬಿದ್ದಿದೆ, ಮುಕ್ಕಾಲು ಪಾಲು ಸರ್ಕಾರಿ ಆಸ್ಪತ್ರೆ ನರ್ಸ್‌ಗಳದ್ದೇ. ಹೆಸರು ಊರು ಎಲ್ಲಾ ತೆಗೆದುಹಾಕಿದ್ದೀನಿ, ಮೇಲಿನೋರಿಗೆ ಗೊತ್ತಾದ್ರೆ ಏನ್ ಗತಿ ಅನ್ನೋ ಭಯ ಬೇಡ. ನಾನೂ ಸರ್ಕಾರಿ ವಾರ್ಡಲ್ಲೇ ಸರ್ವಿಸ್ ಮುಗಿಸಿ ರಿಟೈರ್ ಆದೋಳು, ಮಾತು ಸ್ವಲ್ಪ ಖಡಕ್ಕು, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ತಾಲೂಕು ಆಸ್ಪತ್ರೇಲಿ ನರ್ಸಿಂಗ್ ಆಫೀಸರ್. ನೈಟ್ ಡ್ಯೂಟಿಗೆ ನಾನೊಬ್ಳೇ, ಮೇಲ್ ವಾರ್ಡು ಫೀಮೇಲ್ ವಾರ್ಡು ಸೇರಿ ನಲವತ್ತು ಜನ ಪೇಷಂಟ್ಸ್ ಇರ್ತಾರೆ. ಮೊದ್ಲೆಲ್ಲಾ ಅಜ್ಜಿಯರ ಹತ್ರ ಕೂತು ಮಾತಾಡ್ತಿದ್ದೆ, ಈಗ ಯಾರಾದ್ರೂ "ಸಿಸ್ಟರ್" ಅಂದ್ರೇನೇ ಮೈ ಉರಿಯುತ್ತೆ. ಮನೆಗೆ ಹೋದ್ರೂ ಯಾವುದ್ರಲ್ಲೂ ಇಷ್ಟ ಇಲ್ಲ. ಇದು ಕಾಯಿಲೆನಾ, ಇಲ್ಲಾ ನಾನೇ ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಲಾಯಕ್ಕಿಲ್ದೇ ಇರೋರು ಹಿಂಗೆ ಪತ್ರ ಬರೆಯಲ್ಲ ಕಣಮ್ಮಾ. ನೀನು ಹೇಳ್ತಿರೋದನ್ನ ಬರ್ನೌಟ್ ಅಂತಾರೆ, ಅಮೆರಿಕದ ಕ್ರಿಸ್ಟಿನಾ ಮಸ್ಲಾಕ್ ಅನ್ನೋ ಮನಶ್ಶಾಸ್ತ್ರಜ್ಞೆ 1981ರಲ್ಲೇ ಇದನ್ನ ಅಳೆಯೋಕೆ ಒಂದು ಪ್ರಶ್ನಾವಳಿ ಮಾಡಿದ್ರು, ಆಗಿಂದಲೂ ಮೂರು ಲಕ್ಷಣ ಹೇಳ್ತಾರೆ. ಮೈಮನಸ್ಸು ಪೂರ್ತಿ ಸುಸ್ತಾಗೋದು, ಪೇಷಂಟ್ ಅಂದ್ರೆ ಮನುಷ್ಯ ಅನ್ನೋದು ಮರೆತು ಬರೀ ಬೆಡ್ ನಂಬರ್ ಥರ ಕಾಣೋದು, ಆಮೇಲೆ ನನ್ನ ಕೈಲಿ ಏನೂ ಆಗಲ್ಲ ಅನ್ಸೋದು. ನೀನು ಬರೆದಿರೋ ನಾಲ್ಕು ಸಾಲಲ್ಲಿ ಮೂರೂ ಇವೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತೀಲಿ ಬರ್ನೌಟ್ ಸೇರಿಸಿದಾಗ ಬಹಳ ಹುಷಾರಾಗಿ ಬರೆದಿದೆ, ಇದು ಕಾಯಿಲೆ ಅಲ್ಲ, ಕೆಲಸದ ಜಾಗದಲ್ಲಿ ಬಹಳ ಕಾಲ ಸರಿಮಾಡದೆ ಬಿಟ್ಟ ಒತ್ತಡದಿಂದ ಬರೋದು ಅಂತ. ಅಂದ್ರೆ ಕೆಟ್ಟಿರೋದು ರೋಸ್ಟರು (ಡ್ಯೂಟಿ ಪಟ್ಟಿ).

ಈಗ ಲೆಕ್ಕ ಮಾಡೋಣ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮಾನದಂಡದಲ್ಲಿ ಟೀಚಿಂಗ್ ಆಸ್ಪತ್ರೇಲಿ 3 ಬೆಡ್ಡಿಗೆ ಒಬ್ಬ ನರ್ಸು, ಜನರಲ್ ಆಸ್ಪತ್ರೇಲಿ 5 ಬೆಡ್ಡಿಗೆ ಒಬ್ರು, ಅದರ ಮೇಲೆ ರಜೆಗೆ ಅಂತ 30 ಪರ್ಸೆಂಟ್ ಜಾಸ್ತಿ ಜನ ಇರ್ಬೇಕು. ಇದು ಒಟ್ಟು ಹುದ್ದೆ ಲೆಕ್ಕ, ಮೂರು ಶಿಫ್ಟಿಗೆ ಹಂಚಿದ್ರೆ ಒಂದು ಶಿಫ್ಟಲ್ಲಿ ಹೆಚ್ಚುಕಮ್ಮಿ 15 ಬೆಡ್ಡಿಗೆ ಒಬ್ರು ಬರ್ತಾರೆ. ಅದೇ ಜಾಸ್ತಿ ಅಂತ ನನ್ನ ಅಭಿಪ್ರಾಯ, ನಿನಗೆ ಸಿಕ್ಕಿರೋದು 40. ಲಿಂಡಾ ಏಕೆನ್ ಅನ್ನೋರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆ ನೋಡಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಆಪರೇಷನ್ ಆದ ರೋಗಿಗಳ ವಾರ್ಡಲ್ಲಿ ಒಬ್ಬ ನರ್ಸಿಗೆ ಒಂದೊಂದು ಪೇಷಂಟ್ ಜಾಸ್ತಿ ಆದಂಗೂ ಆ ರೋಗಿಗಳು 30 ದಿನದೊಳಗೆ ಸಾಯೋ ಸಾಧ್ಯತೆ 7 ಪರ್ಸೆಂಟ್ ಏರುತ್ತೆ, ನರ್ಸು ಬರ್ನೌಟ್ ಆಗೋ ಸಾಧ್ಯತೆ 23 ಪರ್ಸೆಂಟ್ ಏರುತ್ತೆ ಅಂತ. ಅವರು ಅಲ್ಲಿ ನಾಲ್ಕಾ ಐದಾ ಆರಾ ಅಂತ ಲೆಕ್ಕ ಹಾಕ್ತಿದ್ರು, ನಮ್ಮ ನಲವತ್ತು ಕೇಳಿದ್ರೆ ಪೆನ್ನು ಕೆಳಗಿಡ್ತಿದ್ರೇನೋ.

ಹಾಗಂತ ನಾಳೆಯೇ ಇನ್ನಿಬ್ಬರು ಸಿಸ್ಟರ್ಸ್ ಬರಲ್ಲ, ಗೊತ್ತು. ಆದ್ರೆ ಇವತ್ತಿಂದಲೇ ಒಂದು ಕೆಲಸ ಮಾಡು. ಮುಂದಿನ ಶಿಫ್ಟಿನೋರಿಗೆ ಡ್ಯೂಟಿ ಒಪ್ಪಿಸೋ ಟೈಮಲ್ಲಿ ರಿಪೋರ್ಟ್ ಬುಕ್ ಬರೀವಾಗ ಒಟ್ಟು ಪೇಷಂಟ್ ಎಷ್ಟು, ಡ್ಯೂಟೀಲಿ ಇದ್ದ ಸ್ಟಾಫ್ ಎಷ್ಟು, ಆ ರಾತ್ರಿ ಮಾಡೋಕಾಗದೇ ಉಳಿದಿದ್ದು ಏನು (ಎರಡು ಗಂಟೆ ಬಿಪಿ ತಗೊಳ್ಳೋಕಾಗ್ಲಿಲ್ಲ, ಇಂಥ ಬೆಡ್ಡಿನ ಪೊಸಿಷನ್ ಬದಲಾಯಿಸೋಕಾಗ್ಲಿಲ್ಲ) ಅಂತ ನೀಟಾಗಿ ಬರೆದು ಟೈಮ್ ಹಾಕಿ ಸೈನ್ ಮಾಡು. ತಿಂಗಳಿಗೊಂದ್ಸಲ ಅದನ್ನೇ ಒಟ್ಟು ಮಾಡಿ ಎಎಂಓ (ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ) ಅವರಿಗೆ ಪತ್ರ ಕೊಟ್ಟು ಇನ್‌ವರ್ಡ್ ನಂಬರ್ ಹಾಕಿಸ್ಕೊಂಡು ಬಾ. ಬಾಯಲ್ಲಿ ಹೇಳಿದ್ದು ಗಾಳೀಲಿ ಹೋಗುತ್ತೆ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗಿ ಎನ್‌ಕ್ವೈರಿ ಬಂತು ಅಂದ್ರೆ "ಸಿಸ್ಟರ್ ನೋಡ್ಲಿಲ್ಲ" ಅನ್ನೋರೇ ಎಲ್ಲಾ, ಆಗ ಆ ಪುಸ್ತಕ ಒಂದೇ ನಿನ್ನ ಪರ ಮಾತಾಡೋದು.

ಇನ್ನೊಂದು. ಮನೇಲೂ ಇಷ್ಟ ಇಲ್ಲ ಅಂದಿದ್ದೀಯಲ್ಲ, ಅದು ಎರಡು ವಾರಕ್ಕಿಂತ ಜಾಸ್ತಿ ದಿನ ಹಂಗೇ ಇದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಸತ್ರೆ ಸಾಕಪ್ಪಾ ಅನ್ನೋ ಯೋಚನೆ ಒಂದ್ಸಲ ಬಂದಿದ್ರೂ ಸರಿ, ಬರ್ನೌಟ್ ಅಂತ ಸುಮ್ನಿರ್ಬೇಡ, ಡಿಪ್ರೆಶನ್ ಜೊತೆಗೇ ಬಂದಿರಬಹುದು. 14416ಕ್ಕೆ ಫೋನ್ ಮಾಡು, ಅದು ಟೆಲಿಮಾನಸ್, 2022ರಿಂದ ನಡೀತಿದೆ, ನಿಮ್ಹಾನ್ಸ್‌ನೋರ ಉಸ್ತುವಾರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಮೂರು ಗಂಟೆಗೂ ಎತ್ತುತಾರೆ. ನೀನೇ ಎಷ್ಟೋ ಜನಕ್ಕೆ ಆ ನಂಬರ್ ಬರೆದುಕೊಟ್ಟಿರ್ತೀಯ.

ಪ್ರಶ್ನೆ: ನಮ್ಮ ಆಸ್ಪತ್ರೇಲಿ ನರ್ಸಸ್ ಡೇ ಪ್ರಯುಕ್ತ "ಒತ್ತಡ ನಿರ್ವಹಣೆ ಮತ್ತು ಸಕಾರಾತ್ಮಕ ಚಿಂತನೆ" ಅಂತ ಕ್ಲಾಸ್ ಇಟ್ಟಿದ್ರು. ಬೆಳಿಗ್ಗೆ ಹತ್ತಕ್ಕೆ. ನೈಟ್ ಮುಗಿಸಿದೋರೂ ಕಂಪಲ್ಸರಿ ಕೂರ್ಬೇಕು, ಫೋಟೋ ಬೇಕಂತೆ. ನಗಬೇಕಾ ಅಳಬೇಕಾ?

ಫೋಟೋದಲ್ಲಿ ನಿದ್ದೆ ಮಾಡಿ. ತಮಾಷೆಗಲ್ಲ, ಹನ್ನೆರಡು ಗಂಟೆ ನೈಟ್ ಮಾಡಿದೋರನ್ನ ಮತ್ತೆ ಎರಡು ಗಂಟೆ ಕೂರಿಸಿ ಒತ್ತಡ ಕಮ್ಮಿ ಮಾಡ್ಕೊಳ್ಳಿ ಅನ್ನೋದು ಎಂಥ ಜಾಣತನ ಅಂತ ಆ ಸಭೇಲಿ ಯಾರಾದ್ರೂ ಒಬ್ರು ಎದ್ದು ಕೇಳ್ಬೇಕಿತ್ತು. ಯೋಗ, ಧ್ಯಾನ ಕೆಟ್ಟದ್ದಲ್ಲ, ನಾನೂ ಮಾಡ್ತೀನಿ ಮಂಡಿ ನೋವಿಗೆ. ಆದ್ರೆ ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಅನ್ನೋರು ಬ್ರಿಟನ್ನಿನ 46 ಸಾವಿರಕ್ಕೂ ಜಾಸ್ತಿ ನೌಕರರ ಮಾಹಿತಿ ನೋಡಿ 2024ರಲ್ಲಿ ಬರೆದಿದ್ದಾರೆ, ಇಂಥ ಕ್ಲಾಸು, ಮೈಂಡ್‌ಫುಲ್‌ನೆಸ್ಸು, ಆ್ಯಪು ಇವುಗಳಲ್ಲಿ ಭಾಗವಹಿಸಿದೋರಿಗೂ ಭಾಗವಹಿಸದೋರಿಗೂ ನೆಮ್ಮದೀಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ ಅಂತ. ಮುಂದಿನ ಮೇ 12ಕ್ಕೆ ಗುಲಾಬಿ ಹೂವು, ಕೇಕು, ಭಾಷಣ ಏನೂ ಬೇಡ, ಆ ದಿನದ ಉಡುಗೊರೆಯಾಗಿ ಬಾಕಿ ಇರೋ ವೀಕ್ಲಿ ಆಫ್ ಕೊಟ್ಟುಬಿಡಿ ಅಂತ ಎಲ್ಲರೂ ಸೇರಿ ಒಂದು ಅರ್ಜಿ ಬರೀರಿ, ಕೊಡಲ್ಲ, ಆದ್ರೂ ಬರೀರಿ.

ಪ್ರಶ್ನೆ: ಅಕ್ಕಾರ, ನಾನು ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಒಳಗ ಕಾಂಟ್ರಾಕ್ಟ್ ಮ್ಯಾಗ ಅದೀನ್ರಿ, ಹೆರಿಗಿ ವಾರ್ಡಿನಾಗ. ಪರ್ಮನೆಂಟ್ ಸಿಸ್ಟರ್ ಮಾಡೂದೂ ಅದೇ ಕೆಲಸ, ನಾ ಮಾಡೂದೂ ಅದೇ ಕೆಲಸ, ಪಗಾರ ನೋಡಿದ್ರ ಅರ್ಧಾನೂ ಇಲ್ರೀ. ಪ್ರತಿ ವರ್ಷ ಕಾಂಟ್ರಾಕ್ಟ್ ಮುಗಿಯೂ ಮಾರ್ಚ್ ಬಂತಂದ್ರ ಎದಿ ಡವಡವ ಅಂತೈತಿ. ಇದ್ರಾಗ ಖುಷಿ ಎಲ್ಲಿಂದ ತರೂದ್ರೀ?

ತರೋಕಾಗಲ್ಲ ತಂಗಿ, ಸುಳ್ಳು ಹೇಳಲ್ಲ. ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋರಿಗೆ ಸಂತೋಷವಾಗಿರು ಅಂತ ಉಪದೇಶ ಮಾಡೋದು ಪಾಪದ ಕೆಲಸ. ಕಾನೂನಿನ ಕಥೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಸಂಘದ ಮೀಟಿಂಗುಗಳಲ್ಲಿ ಅರ್ಧಂಬರ್ಧ ಓಡಾಡ್ತಿರುತ್ತೆ. 2006ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉಮಾದೇವಿ ತೀರ್ಪು ನಮ್ಮ ಕರ್ನಾಟಕದ್ದೇ ಕೇಸು, ನೇಮಕಾತಿ ನಿಯಮ ಬಿಟ್ಟು ಒಳಗೆ ಬಂದೋರಿಗೆ ಪರ್ಮನೆಂಟ್ ಆಗೋ ಹಕ್ಕಿಲ್ಲ ಅಂತ ಹೇಳ್ತು, ಅವತ್ತಿಂದ ಯಾವ ಫೈಲ್ ಮೇಲೆ ಹೋದ್ರೂ ಆ ಒಂದು ಹೆಸರು ಬರೆದು ವಾಪಸ್ ಕಳಿಸೋದು ರೂಢಿ ಆಗೋಯ್ತು. 2016ರಲ್ಲಿ ಪಂಜಾಬಿನ ಜಗ್ಜಿತ್ ಸಿಂಗ್ ಕೇಸಲ್ಲಿ ಅದೇ ಕೋರ್ಟು, ಪರ್ಮನೆಂಟ್ ನೌಕರರು ಮಾಡೋ ಕೆಲಸವನ್ನೇ ಮಾಡೋ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತ ಆದ್ರೂ ಕೊಡ್ಬೇಕು ಅಂತು. 2024ರ ಡಿಸೆಂಬರಲ್ಲಿ ಜಗ್ಗೋ ಅನ್ನೋರ ಕೇಸು, ವರ್ಷಗಟ್ಟಲೆ ಖಾಯಂ ಸ್ವರೂಪದ ಕೆಲಸ ಮಾಡಿಸ್ಕೊಂಡು ಆಮೇಲೆ ಉಮಾದೇವಿ ತೀರ್ಪು ತೋರಿಸಿ ಆಚೆ ಕಳಿಸೋದು ಆ ತೀರ್ಪನ್ನ ದುರುಪಯೋಗ ಮಾಡಿದಂಗೆ ಅಂತ ಕೋರ್ಟೇ ಹೇಳಿದೆ. ಇವೆಲ್ಲಾ ನಿನ್ನ ಕೇಸಿಗೆ ನೇರ ಕೂರುತ್ತೆ ಅಂತ ನಾನು ಹೇಳಲ್ಲ, ಸ್ಕೀಮಿನ ಹುದ್ದೆ, ಮಂಜೂರಾದ ಹುದ್ದೆ ಅಂತ ಸರ್ಕಾರ ಬೇರೆ ಬೇರೆ ವಾದ ಮಾಡುತ್ತೆ, ಅದಕ್ಕೆ ಸರ್ವಿಸ್ ಮ್ಯಾಟರ್ ಗೊತ್ತಿರೋ ವಕೀಲರನ್ನ ಒಬ್ಬೊಬ್ರೇ ಹೋಗದೆ ಗುಂಪಾಗಿ ನೋಡಿ.

2023ರಲ್ಲಿ ಎನ್‌ಎಚ್‌ಎಂನೋರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತಾಗ ಪೂರ್ತಿ ಬೇಡಿಕೆ ಈಡೇರದೇ ಇದ್ರೂ ಊರೂರಿನ ಒಬ್ಬೊಬ್ಬ ಸಿಸ್ಟರಿಗೂ ತಾನು ಒಂಟಿ ಅಲ್ಲ ಅಂತ ಗೊತ್ತಾಯ್ತಲ್ಲ, ಅದು ಸಣ್ಣದಲ್ಲ. ಆಮೇಲೆ ಮುಖ್ಯವಾದ್ದು, ನಿನ್ನ ಪ್ರತಿ ವರ್ಷದ ಆರ್ಡರ್ ಕಾಪಿ, ಡ್ಯೂಟಿ ಲಿಸ್ಟ್, ಅಟೆಂಡೆನ್ಸ್, ಪಿಎಫ್ ಸ್ಲಿಪ್ ಎಲ್ಲದರ ಜೆರಾಕ್ಸು ಮನೇಲಿಟ್ಕೋ, ಆಫೀಸಲ್ಲಿ ಇದೆಯಲ್ಲ ಅಂತ ಬಿಡ್ಬೇಡ. ಪರ್ಮನೆಂಟ್ ಸಿಸ್ಟರ್‌ಗಳಿಗೂ ಒಂದು ಮಾತು: ಹಬ್ಬದ ನೈಟ್ ಎಲ್ಲಾ "ಕಾಂಟ್ರಾಕ್ಟ್ ಹುಡುಗಿ"ಗೆ ಹಾಕಿಸೋದು ಯಾರು ಅಂತ ನಂಗೊತ್ತು, ಬಿಡಿ ಅದನ್ನ.

ಪ್ರಶ್ನೆ: ಕ್ಯಾಶುವಾಲ್ಟೀಲಿ ಪೇಷಂಟ್ ಕಡೆಯೋರು ಬಂದು ಕೆಟ್ಟ ಕೆಟ್ಟದಾಗಿ ಬೈದು, ಮೊಬೈಲಲ್ಲಿ ವಿಡಿಯೋ ಮಾಡಿ, ಒಬ್ಬ ಕೈ ಹಿಡಿದು ಎಳೆದ. ಸಾಹೇಬ್ರು "ಹೋಗ್ಲಿ ಬಿಡಮ್ಮಾ, ಎಂಎಲ್‌ಎ ಕಡೆಯೋರು" ಅಂದ್ರು. ಅವತ್ತಿಂದ ಡ್ಯೂಟಿಗೆ ಹೋಗೋಕೆ ಕೈ ನಡುಗುತ್ತೆ.

ಹೋಗ್ಲಿ ಬಿಡು ಅಂತ ನಾನಂತೂ ಹೇಳಲ್ಲ. ನಮ್ಮ ರಾಜ್ಯದಲ್ಲಿ 2009ರಿಂದಲೇ ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆ ಕಾಯ್ದೆ ಇದೆ, ಅದರಲ್ಲಿ ಡಾಕ್ಟರ್ ಒಬ್ರೇ ಅಲ್ಲ, ನರ್ಸು, ನರ್ಸಿಂಗ್ ಸ್ಟೂಡೆಂಟು, ಪ್ಯಾರಾಮೆಡಿಕಲ್‌ನೋರು ಎಲ್ಲಾ ಬರ್ತಾರೆ, ಜಾಮೀನುರಹಿತ ಅಪರಾಧ ಅದು. ಬೋರ್ಡ್ ಎಲ್ಲಾ ಆಸ್ಪತ್ರೆ ಬಾಗಿಲಲ್ಲೂ ನೇತಾಕಿರ್ತಾರೆ, ಕಂಪ್ಲೇಂಟ್ ಮಾತ್ರ ಯಾರೂ ಕೊಡಲ್ಲ, ಯಾಕಂದ್ರೆ ಸ್ಟೇಷನ್ನಿಗೆ ಅಲೆಯೋದು ಆ ಹುಡುಗಿ ಒಬ್ಳೇ ಆಗಿರ್ತಾಳೆ. ಅದಕ್ಕೇ 2024ರ ಆಗಸ್ಟಲ್ಲಿ ಕೋಲ್ಕತ್ತಾದ ಆಸ್ಪತ್ರೇಲಿ ಡ್ಯೂಟೀಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದ್ಮೇಲೆ ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳಿಗೆ ಒಂದು ಆದೇಶ ಕಳಿಸ್ತು, ಡ್ಯೂಟೀಲಿರೋರ ಮೇಲೆ ಹಲ್ಲೆ ಆದ್ರೆ 6 ಗಂಟೆ ಒಳಗೆ ಸಂಸ್ಥೆಯ ಮುಖ್ಯಸ್ಥರೇ ಸಂಸ್ಥೆ ಪರವಾಗಿ ಎಫ್‌ಐಆರ್ ಮಾಡಿಸ್ಬೇಕು ಅಂತ. ಅದು ಕೇಂದ್ರದ ಆಸ್ಪತ್ರೆಗಳಿಗೆ ಕಳಿಸಿದ್ದು ನಿಜ, ಆದ್ರೆ ನಿಮ್ಮ ಸಾಹೇಬ್ರ ಟೇಬಲ್ ಮೇಲೆ ಅದರ ಒಂದು ಪ್ರಿಂಟ್ ಇಟ್ಟು "ಸಾರ್ ಇಲ್ಲೂ ಹಿಂಗೇ ಮಾಡೋಣ" ಅಂತ ಲಿಖಿತವಾಗಿ ಕೇಳೋಕೆ ಯಾರ ಅಪ್ಪಣೆ ಬೇಕು? ಕೈ ಹಿಡಿದು ಎಳೆದಿದ್ದು ಬರೀ ಗಲಾಟೆ ಅಲ್ಲಮ್ಮಾ, ಅದನ್ನ ದೂರಲ್ಲಿ ಬಿಡಬೇಡ. ಸಿಸಿಟಿವಿ ರೆಕಾರ್ಡಿಂಗ್ ಅಳಿಸಿಹೋಗೋ ಮುಂಚೆ ಕಾಪಿ ತೆಗೆಸಿಡಿ ಅಂತ ಅವತ್ತೇ ಬರೆದುಕೊಡ್ಬೇಕು, ಎಷ್ಟೋ ಕೇಸು ಅಲ್ಲೇ ಸಾಯೋದು.

ಮತ್ತೆ ಒಂದು ಹೇಳ್ಲೇಬೇಕು. ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ ಅರುಣಾ ಶಾನಭಾಗ್ ಮುಂಬೈನ ಕೆಇಎಂ ಆಸ್ಪತ್ರೇಲಿ ನರ್ಸ್ ಆಗಿದ್ರು, 1973ರ ನವೆಂಬರಲ್ಲಿ ಡ್ಯೂಟಿ ಮುಗಿಸಿ ನೆಲಮಾಳಿಗೇಲಿ ಬಟ್ಟೆ ಬದಲಾಯಿಸ್ತಿದ್ದಾಗ ಅಲ್ಲಿನ ವಾರ್ಡ್ ಬಾಯ್ ಒಬ್ಬ ಮೇಲೆ ಬಿದ್ದ, 2015ರಲ್ಲಿ ತೀರಿಕೊಳ್ಳೋವರೆಗೂ ಅವರು ಎದ್ದು ನಡೀಲಿಲ್ಲ. ಅಷ್ಟು ವರ್ಷವೂ ಅಲ್ಲಿನ ಸಿಸ್ಟರ್‌ಗಳು ತಲೆಮಾರಿಂದ ತಲೆಮಾರಿಗೆ ಅವರನ್ನ ನೋಡ್ಕೊಂಡ್ರು ಅಂತ ಎಲ್ಲರೂ ಹೊಗಳ್ತಾರೆ, ಹೊಗಳ್ಬೇಕು ಕೂಡ. ನನ್ನ ತಲೇಲಿ ಮಾತ್ರ ನೆಲಮಾಳಿಗೆಗೆ ಯಾಕೆ ಹೋಗ್ಬೇಕಿತ್ತು ಅನ್ನೋದೇ ಕೊರೀತಿರುತ್ತೆ. ನಿಮ್ಮಲ್ಲಿ ಚೇಂಜಿಂಗ್ ರೂಮ್ ಎಲ್ಲಿದೆ, ಅದಕ್ಕೆ ಒಳಗಿಂದ ಚಿಲಕ ಇದ್ಯಾ, ಅಲ್ಲಿಗೆ ಹೋಗೋ ದಾರೀಲಿ ಲೈಟ್ ಇದ್ಯಾ ನೋಡ್ಕೊಳ್ಳಿ.

ಪ್ರಶ್ನೆ: ನಾನು ಸಬ್‌ಸೆಂಟರ್ ಪಿಎಚ್‌ಸಿಓ (ಹಳ್ಳಿ ಮನೆಮನೆಗೆ ಹೋಗೋ ಆರೋಗ್ಯ ಸಹಾಯಕಿ). ಬಾಣಂತಿ ಮನೆಗೆ ಹೋದ್ರೆ ಮಗು ಮುಖ ನೋಡೋಕಿಂತ ಜಾಸ್ತಿ ಹೊತ್ತು ಮೊಬೈಲ್ ನೋಡ್ತೀನಿ. ಆರ್‌ಸಿಎಚ್ (ತಾಯಿ-ಮಗು), ಯುವಿನ್ (ಲಸಿಕೆ), ನಿಕ್ಷಯ್ (ಟಿಬಿ), ಎನ್‌ಸಿಡಿ (ಬಿಪಿ-ಶುಗರ್) ಅಂತ ಆ್ಯಪುಗಳು... ಜೊತೆಗೆ ರಿಜಿಸ್ಟರೂ ಬರೀಬೇಕು. ರಾತ್ರಿ ಹನ್ನೊಂದಕ್ಕೆ ಗ್ರೂಪಲ್ಲಿ "ಪೆಂಡಿಂಗ್ ಲಿಸ್ಟ್" ಬರುತ್ತೆ, ನನ್ನ ಹೆಸರು ಕೆಂಪಲ್ಲಿ.

ಹಿಂದೆ ಒಂದು ರಿಜಿಸ್ಟರಿಗೆ ಬೈತಿದ್ವಿ, ಈಗ ರಿಜಿಸ್ಟರು ಹೋಗ್ಲಿಲ್ಲ, ಮೇಲೆ ನಾಲ್ಕು ಆ್ಯಪ್ ಬಂದ್ವು. ಇದನ್ನ ನೀನೊಬ್ಳೇ ಬದಲಾಯಿಸೋಕಾಗಲ್ಲ, ಆದ್ರೆ ತಿಂಗಳ ಮೀಟಿಂಗಲ್ಲಿ ಒಂದೇ ತಾಯಿ ಮಾಹಿತೀನ ಎಷ್ಟು ಕಡೆ ಬರೀತೀನಿ ಅಂತ ಒಂದು ಹಾಳೇಲಿ ಪಟ್ಟಿ ಮಾಡಿ ಟಿಎಚ್‌ಓ (ತಾಲೂಕು ಆರೋಗ್ಯಾಧಿಕಾರಿ) ಮುಂದೆ ಇಡು, "ತುಂಬಾ ಕೆಲಸ ಸಾರ್" ಅಂದ್ರೆ ಯಾರೂ ಕೇಳಲ್ಲ, ಹೆಸರು ಇಷ್ಟು ಸಲ, ಎಲ್‌ಎಂಪಿ (ಕೊನೇ ಮುಟ್ಟಿನ ದಿನ) ಇಷ್ಟು ಸಲ, ಫೋನ್ ನಂಬರ್ ಇಷ್ಟು ಸಲ ಅಂತ ತೋರಿಸಿದ್ರೆ ಕೆಲವರಾದ್ರೂ ಒಂದು ರಿಜಿಸ್ಟರ್ ಕಮ್ಮಿ ಮಾಡ್ತಾರೆ. ರಾತ್ರಿ ಗ್ರೂಪ್ ಮ್ಯೂಟ್ ಮಾಡು. ಎಮರ್ಜೆನ್ಸಿ ಹೆರಿಗೆ ಇದ್ರೆ ಆಶಾ ಫೋನೇ ಮಾಡ್ತಾಳೆ, ವಾಟ್ಸಾಪಲ್ಲಿ ಯಾರ ಹೆರಿಗೇನೂ ಆಗಲ್ಲ. ಆಮೇಲೆ ಮಗು ಮುಖ ಅಂದ್ಯಲ್ಲ, ಮನೆಗೆ ಹೋದ ತಕ್ಷಣ ಫೋನ್ ಬ್ಯಾಗಲ್ಲಿ ಇಡು, ಮೊದ್ಲು ಮಗು ನೋಡು, ಹಾಲು ಕುಡೀತಿದ್ಯಾ ನೋಡು, ತಾಯಿ ಹತ್ರ ಮಾತಾಡು, ಎಂಟ್ರಿ ಆಚೆ ಜಗಲಿ ಮೇಲೆ ಕೂತು ಮಾಡು. ನೀನು ಈ ಕೆಲಸಕ್ಕೆ ಬಂದಿದ್ದು ಆ ಹತ್ತು ನಿಮಿಷಕ್ಕೆ, ಅದನ್ನ ಆ್ಯಪಿಗೆ ಬಿಟ್ಟುಕೊಡ್ಬೇಡ.

ಪ್ರಶ್ನೆ: ಹೆಂಡತಿ ಸರ್ಕಾರಿ ಆಸ್ಪತ್ರೇಲಿ ನರ್ಸ್. ಡ್ಯೂಟಿ ಮುಗಿಸಿ ಬಂದ್ರೆ ಮಾತೇ ಆಡಲ್ಲ. ಏನು ಮಾಡ್ಲಿ?

ಅನ್ನಕ್ಕಿಡಿ. ನೈಟ್ ಮುಗಿಸಿ ಬಂದ ದಿನ ರೂಮಿಗೆ ದಪ್ಪ ಪರದೆ ಹಾಕಿ, ಮಕ್ಕಳನ್ನ ಆಚೆ ಕರ್ಕೊಂಡು ಹೋಗಿ, ಗ್ಯಾಸ್ ಬುಕ್ ಮಾಡೋದು ಹೆಂಗೆ ಅಂತ ಕೇಳೋಕೆ ಎಬ್ಬಿಸ್ಬೇಡಿ. ಮಾತು ಎದ್ದಮೇಲೆ ತಾನಾಗೇ ಬರುತ್ತೆ. ಅವತ್ತು ವಾರ್ಡಲ್ಲಿ ಯಾರೋ ತೀರ್ಕೊಂಡಿರಬಹುದು, ಅದನ್ನ ಹೇಳಿದ್ರೆ "ಅಯ್ಯೋ ಮನೇಲಿ ಸಾವಿನ ಮಾತು ಬೇಡ" ಅನ್ನದೆ ಸುಮ್ನೆ ಕೇಳಿಸ್ಕೊಳ್ಳಿ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಸ್ಟೂಡೆಂಟ್. ಕ್ಲಿನಿಕಲ್ ಪೋಸ್ಟಿಂಗಲ್ಲಿ ಸೂಜಿ ಚುಚ್ಚಿಸ್ಕೊಂಡೆ. ಬೈತಾರೆ ಅಂತ ಯಾರಿಗೂ ಹೇಳಿಲ್ಲ, ನಿದ್ದೆ ಬರ್ತಿಲ್ಲ.

ಈ ಪತ್ರ ಕೈಗೆ ಬಂದ ಕೂಡ್ಲೇ ಫೋನ್ ಮಾಡಿ ಮಾತಾಡಿದ್ದೀನಿ, ಇಲ್ಲಿ ಬರೀತಿರೋದು ಉಳಿದೋರಿಗೆ. ಚುಚ್ಚಿದ ತಕ್ಷಣ ಸೋಪು ನೀರಲ್ಲಿ ತೊಳೀರಿ, ಹಿಂಡಬೇಡಿ, ಬಾಯಿಗೆ ಇಟ್ಕೋಬೇಡಿ, ಸ್ಪಿರಿಟ್ ಬ್ಲೀಚ್ ಸುರೀಬೇಡಿ. ಆಗ್ಲೇ ಇನ್‌ಚಾರ್ಜಿಗೆ ಹೇಳಿ. ಪಿಇಪಿ (ಎಚ್‌ಐವಿ ಸೋಂಕು ತಗಲದಂಗೆ ತಡೆಯೋ) ಮಾತ್ರೆ ಬೇಕು ಅಂತ ಡಾಕ್ಟರ್ ತೀರ್ಮಾನ ಮಾಡಿದ್ರೆ ಎರಡು ಗಂಟೆ ಒಳಗೆ ಶುರು ಮಾಡೋದು ಅತ್ಯುತ್ತಮ, 72 ಗಂಟೆ ಆದ್ಮೇಲೆ ಪ್ರಯೋಜನ ಇಲ್ಲ, 28 ದಿನ ತಗೋಬೇಕು. ಎಚ್‌ಐವಿ ಇರೋರ ಸೂಜಿಯೇ ಚುಚ್ಚಿದ್ರೂ ಸೋಂಕು ತಗಲೋ ಸಾಧ್ಯತೆ ಸಾವಿರಕ್ಕೆ ಮೂರು, ಹೆದರಿ ಸಾಯೋ ಅಂಥದ್ದಲ್ಲ, ಆದ್ರೆ ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಾಲು ಸುಲಭವಾಗಿ ಅಂಟುತ್ತೆ, ಅದರ ಮೂರು ಡೋಸ್ ಲಸಿಕೆ ಪೋಸ್ಟಿಂಗಿಗೆ ಮುಂಚೆಯೇ ಆಗಿರ್ಬೇಕು, ಆಗಿಲ್ಲ ಅಂದ್ರೆ ಕಾಲೇಜನ್ನ ಕೇಳಿ. ಕೆಲಸದ ಜಾಗದಲ್ಲಿ ಸುರಕ್ಷತೆ ಮತ್ತು ಪಿಇಪಿ ಕೊಡೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ಸಂಸ್ಥೆಯ ಕರ್ತವ್ಯ. ಟ್ಯೂಟರ್‌ಗಳೇ, ಹುಡುಗಿ ಬಂದು ಸೂಜಿ ಚುಚ್ತು ಅಂದಾಗ ಮೊದಲ ಮಾತು "ಕಣ್ಣೆಲ್ಲಿತ್ತು?" ಆಗಿದ್ರೆ ಮುಂದಿನೋಳು ಹೇಳೋದೇ ಇಲ್ಲ.

ಪ್ರಶ್ನೆ: ನಾನು ಬ್ರದರ್. ಯಾವಾಗ್ಲೂ ಕ್ಯಾಶುವಾಲ್ಟಿ, ಸ್ಟ್ರೆಚರ್, ಕುಡಿದು ಬಂದೋರನ್ನ ಹಿಡಿಯೋದು ಇಷ್ಟೇ ನನಗೆ. ನಾನೂ ನರ್ಸಿಂಗೇ ಓದಿದ್ದು ಅಲ್ವಾ?

ಅಲ್ವಾ ಮತ್ತೆ. ಐಸಿಯು, ಡಯಾಲಿಸಿಸ್ ಪೋಸ್ಟಿಂಗ್ ಬೇಕು ಅಂತ ಬರೆದು ಕೇಳಪ್ಪಾ, ತೋಳಿನ ಬಲಕ್ಕೆ ಸೆಕ್ಯೂರಿಟಿ ಗಾರ್ಡ್ ಇಡ್ಲಿ.

ಪ್ರಶ್ನೆ: ನಾನು ವಾರ್ಡ್ ಇನ್‌ಚಾರ್ಜ್. ಹೊಸ ಸ್ಟಾಫ್ ಕೊಡಲ್ಲ, ಸಂಬಳ ನನ್ನ ಕೈಲಿಲ್ಲ. ನಮ್ಮ ಹುಡುಗೀರು ಮುಖ ಗಂಟಿಕ್ಕೊಂಡೇ ಇರ್ತಾರೆ. ದುಡ್ಡಿಲ್ದೆ ನಾನೇನು ಮಾಡಬಹುದು?

ಬಹಳ ಮಾಡಬಹುದು, ಈ ಪ್ರಶ್ನೆ ಕೇಳಿದ್ದೇ ಸಂತೋಷ. ನಿಮ್ಮ ಕೈಲಿ ರೋಸ್ಟರ್ ಇದೆ, ಅದೇ ದೊಡ್ಡ ಅಧಿಕಾರ. ಶನಿವಾರ ರಾತ್ರಿ ಬಂದು ಸೋಮವಾರದ ಡ್ಯೂಟಿ ಹೇಳೋದು ನಿಲ್ಲಿಸಿ, ತಿಂಗಳ ಡ್ಯೂಟಿ ಒಂದು ವಾರ ಮುಂಚೆ ಗೋಡೆಗೆ ಅಂಟಿಸಿ, ಅವರವರೇ ಅದಲುಬದಲು ಮಾಡ್ಕೊಂಡ್ರೆ ಸೈನ್ ಹಾಕಿ ಸುಮ್ನಿರಿ. ಮಾರ್ನಿಂಗ್, ಆಮೇಲೆ ಆಫ್ಟರ್‌ನೂನ್, ಆಮೇಲೆ ನೈಟ್ ಈ ಕ್ರಮದಲ್ಲಿ ಹೋದ್ರೆ ದೇಹ ಒಗ್ಗುತ್ತೆ, ನೈಟಿಂದ ಸೀದಾ ಮಾರ್ನಿಂಗಿಗೆ ಎಳೆದ್ರೆ ಒಗ್ಗಲ್ಲ. ರಾತ್ರಿ ಪಾಳಿ ಅನ್ನೋದನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಕ್ಯಾನ್ಸರ್ ತರೋ ಸಂಭವ ಇರೋವುಗಳ ಪಟ್ಟೀಲಿ ಇಟ್ಟಿದೆ, ಹಾಗಾಗಿ "ನಮ್ಮ ಕಾಲದಲ್ಲಿ ನಾವು ಮಾಡ್ಲಿಲ್ವಾ" ಅನ್ನೋ ಡೈಲಾಗು ಬೇಡ. 2025ರಲ್ಲಿ ಬಂದ ತಿಂಗಳಿಗೊಂದು ದಿನದ ಋತುಚಕ್ರ ರಜೆ ಕೇಳೋಕೆ ಹುಡುಗೀರು ನಾಚ್ಕೊಳ್ತಾರೆ, ಅದಕ್ಕಿಂತ ಜಾಸ್ತಿ ಇನ್‌ಚಾರ್ಜ್‌ಗಳು ಮುಖ ಸಿಂಡರಿಸ್ತಾರೆ ಅಂತ ನಂಗೆ ನಾಲ್ಕೈದು ಪತ್ರ ಬಂದಿದೆ, ನಿಮ್ಮ ವಾರ್ಡಿಂದ ಬರದಂಗೆ ನೋಡ್ಕೊಳ್ಳಿ.

ಕಾಯಕಲ್ಪ (ಆಸ್ಪತ್ರೆ ಸ್ವಚ್ಛತೆ), ಲಕ್ಷ್ಯ (ಹೆರಿಗೆ ಕೋಣೆ ಗುಣಮಟ್ಟ) ಪರಿಶೀಲನೆಗೆ ತಂಡ ಬರ್ತಾರೆ ಅಂದಾಗ ಎರಡು ವಾರ ಫೈಲು, ಲೇಬಲ್ಲು, ಬಣ್ಣ ಅಂತ ಎಲ್ಲರನ್ನೂ ಡ್ಯೂಟಿ ಮೇಲೆ ಡ್ಯೂಟಿ ಮಾಡಿಸ್ತೀವಲ್ಲ, ಸರ್ಟಿಫಿಕೇಟ್ ಬಂದಾಗ ವೇದಿಕೆ ಮೇಲೆ ಯಾರು ನಿಲ್ತಾರೆ? ಮುಂದಿನ ಸಲ ಆ ಲೇಬರ್ ರೂಮ್ ಸಿಸ್ಟರನ್ನ ಹೆಸರು ಹಿಡಿದು ಕರೀರಿ. ಬೈಯೋದಿದ್ರೆ ಪೇಷಂಟ್ ಮುಂದೆ ಬೈಬೇಡಿ, ಡಾಕ್ಟರ್ ಯಾರಾದ್ರೂ ಪೇಷಂಟ್ ಮುಂದೆ ಬೈದ್ರೆ ನೀವು ಮಧ್ಯ ನಿಂತ್ಕೊಳ್ಳಿ, ಆ ಒಂದು ಸಲ ನಿಂತಿದ್ದನ್ನ ಅವರು ರಿಟೈರ್ ಆಗೋವರೆಗೂ ಮರೆಯಲ್ಲ. ನರ್ಸಸ್ ಸ್ಟೇಷನ್ನಲ್ಲಿ ಎರಡು ಗಟ್ಟಿ ಕುರ್ಚಿ, ಕುಡಿಯೋ ನೀರು, ಊಟಕ್ಕೆ ಇಪ್ಪತ್ತು ನಿಮಿಷ ಬದಲಿ ಯಾರು ಅಂತ ಗೊತ್ತಿರೋದು, ಇಷ್ಟಕ್ಕೆ ಯಾವ ಮಂಜೂರಾತಿ ಬೇಕು? ಹನ್ನೆರಡು ಗಂಟೆ ನೀರು ಕುಡೀದೆ, ಯಾಕಂದ್ರೆ ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕು, ಟಾಯ್ಲೆಟ್ಟು ಸರಿಯಿಲ್ಲ, ಹಿಂಗೇ ಯೂರಿನ್ ಇನ್‌ಫೆಕ್ಷನ್ ಮಾಡ್ಕೊಂಡಿರೋ ನರ್ಸುಗಳು ಪ್ರತಿ ಜಿಲ್ಲೇಲೂ ಸಿಗ್ತಾರೆ, ನಾವೇ ಪೇಷಂಟಿಗೆ ದಿನಕ್ಕೆ ಮೂರು ಲೀಟರ್ ಕುಡೀರಿ ಅಂತ ಹೇಳ್ತಾ. ಟಾಯ್ಲೆಟ್ ರಿಪೇರಿ, ಬಲ್ಬು, ಬಾಗಿಲ ಚಿಲಕ ಇವಕ್ಕೆ ಆರೋಗ್ಯ ರಕ್ಷಾ ಸಮಿತಿ ದುಡ್ಡಿದೆ, ಮುಂದಿನ ಮೀಟಿಂಗ್ ಅಜೆಂಡಾದಲ್ಲಿ ಒಂದನೇ ಐಟಂ ಆಗಿ ಹಾಕ್ಸಿ. ಬಿಲ್ ಮಾತ್ರ ಜೋಪಾನ, ಆಡಿಟ್‌ನೋರು ಚಿಲಕಕ್ಕೂ ಬಿಲ್ ಕೇಳ್ತಾರೆ.